ಎರಡನೆಯ ಸಲ ಕೇಳುವವರು

ಪ್ರೊಫೆಸರ್ ಮಾರ್ಗರೇಟ್ ಕೇಳಿದ್ದು ಒಂದೇ ಸಲ.

"ಸಿಡ್ನಿ ಸಮ್ಮೇಳನದಲ್ಲಿ ನಿನ್ನ ಪ್ರಬಂಧ ಓದುತ್ತೀಯಾ, ದೀಕ್ಷಿತಾ?"

"ಅಯ್ಯೋ, ನಾನಾ? ಬೇಡ, ಪರವಾಗಿಲ್ಲ. ಬೇರೆ ಯಾರಾದರೂ ಓದಲಿ" ಎಂದು ದೀಕ್ಷಿತಾ ಮೇಜಿನ ಅಂಚನ್ನು ನೋಡುತ್ತ ಹೇಳಿದಳು. ಹೇಳಿ, ಎರಡನೆಯ ಸಲ ಕೇಳಲಿ ಎಂದು ಕಾದಳು. ಉಡುಪಿಯಲ್ಲಾಗಿದ್ದರೆ ಖಂಡಿತ ಕೇಳುತ್ತಿದ್ದರು. ಅದಕ್ಕೆ ಅವಳು "ನನಗೆ ಅಷ್ಟೆಲ್ಲ ಬರುವುದಿಲ್ಲ" ಎನ್ನುತ್ತಿದ್ದಳು. ಮೂರನೆಯ ಸಲ ಸ್ವಲ್ಪ ಗದರಿಸಿ ಕೇಳುತ್ತಿದ್ದರು. ಆಗ "ನೀವು ಇಷ್ಟು ಹೇಳಿದ ಮೇಲೆ..." ಎಂದು ಒಪ್ಪಿ, ಮನೆಗೆ ಹೋಗುವ ದಾರಿಯುದ್ದಕ್ಕೂ ಒಳಗೊಳಗೇ ಕುಣಿಯುತ್ತಿದ್ದಳು.

ಮಾರ್ಗರೇಟ್ "ನೋ ವರೀಸ್" ಎಂದು ನಕ್ಕು ಕಾಫಿ ತರಲು ಹೋದರು. ಸಂಜೆಯೊಳಗೆ ಆ ಜಾಗ ಪೋಲೆಂಡಿನ ಮೀನಿಗೆ ಗಾಳಹಾಕುವವರ ಸಂಘಗಳ ಮೇಲೆ ಕೆಲಸ ಮಾಡುತ್ತಿದ್ದ ಸೈಮನ್‌ನ ಪಾಲಾಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ಎಂಥ ತುತ್ತು! ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಬಲ್ಗೇರಿಯಾದಲ್ಲಿ ಸ್ವಯಂಸೇವಾ ಸಂಘಗಳು ಹೇಗೆ ಬೆಳೆದವು ಎಂಬುದು ದೀಕ್ಷಿತಾಳ ಸಂಶೋಧನೆಯ ವಿಷಯ. ಎರಡು ವರ್ಷಗಳಿಂದ ಅವಳು ಮೆಲ್ಬರ್ನಿನ ಲೈಬ್ರರಿಯಲ್ಲಿ ಕೂತು ಬಲ್ಗೇರಿಯಾವನ್ನು ಓದುತ್ತಿದ್ದಳೇ ಹೊರತು ಅದರ ಮಣ್ಣು ಕಂಡವಳಲ್ಲ. ಸಿಡ್ನಿಯಲ್ಲಿ ಪ್ರಬಂಧ ಓದಿದವರಲ್ಲಿ ಒಬ್ಬರನ್ನು ಆರಿಸಿ ಮೂರು ತಿಂಗಳು ಬಲ್ಗೇರಿಯಾಕ್ಕೆ ಕಳಿಸುವವರಿದ್ದರು. ಹೋಗದೆ ಬರೆದರೆ ಅವಳ ಪ್ರಬಂಧ ಈಜು ಬಾರದವಳು ಕೆರೆಯ ಬಗ್ಗೆ ಬರೆದಂತೆ. ಸಂಘಗಳು ಯಾಕೆ ಹಾಗೆ ನಾಯಿಕೊಡೆಗಳಂತೆ ಎದ್ದವು, ಎದ್ದ ಒಂದೊಂದರಲ್ಲೂ ಯಾಕೆ ನಾಲ್ಕೇ ಜನ ಎಂಬ ಮುಖ್ಯ ಪ್ರಶ್ನೆಗೆ ಅವಳ ಬಳಿ ಉತ್ತರವೂ ಇರಲಿಲ್ಲ.

ಇಷ್ಟಾದರೂ ಮಾರ್ಗರೇಟ್ ಬಳಿ ಹೋಗಿ "ನನಗೆ ಬೇಕಿತ್ತು" ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಬೇಕು ಎಂದು ಕೇಳುವುದು ಅವಳಿಗೆ ಬೀದಿಯಲ್ಲಿ ಹಾಡಿದಷ್ಟೇ ನಾಚಿಕೆಯ ಸಂಗತಿ.

ಹಾಗಿರುವಾಗಲೇ ರಾಡ್ಕಾ ಬಂದಿಳಿದರು.

ರಾಡ್ಕಾ ಇಲಿಯೆವಾ ಬಲ್ಗೇರಿಯಾದ ಒಂದು ಸಣ್ಣ ಊರಿನವರು. ಅರವತ್ತರ ಆಸುಪಾಸು, ಆನೆಯಂಥ ನಡಿಗೆ, ಕೆಂಪು ಬಣ್ಣ ಹಾಕಿದ ಗಿಡ್ಡ ಕೂದಲು. ಊರಿನಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಡುವ ಕೇಂದ್ರ ನಡೆಸುತ್ತಿದ್ದರು. ಸಿಡ್ನಿಯಲ್ಲಿ ದೀಕ್ಷಿತಾ ಓದಬೇಕಿದ್ದ ಗೋಷ್ಠಿಗೆ ಅವರೇ ಅಧ್ಯಕ್ಷೆ. ಅದಕ್ಕೆ ಮೊದಲು ಹದಿನೈದು ದಿನ ಮೆಲ್ಬರ್ನಿನಲ್ಲಿ ವಲಸಿಗರ ಸಂಘಗಳನ್ನು ನೋಡಬೇಕೆಂದಿದ್ದರು. ಮಾರ್ಗರೇಟ್, "ನಿಮ್ಮವರ ಸಂಘ ಯಾವುದಾದರೂ ತೋರಿಸುತ್ತೀಯಾ?" ಎಂದು ದೀಕ್ಷಿತಾಳನ್ನು ಕೇಳಿದರು. ಈ ಸಲ ಅವಳು ಬೇಡ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಮಾರ್ಗರೇಟ್ "ಗ್ರೇಟ್!" ಎಂದಾಗಿತ್ತು.

ತೋರಿಸಲು ಸಂಘಕ್ಕೇನೂ ಬರವಿರಲಿಲ್ಲ. ದೀಕ್ಷಿತಾ ಬಾಡಿಗೆಗಿದ್ದ ಕೋಣೆ ನಗರದ ಪೂರ್ವದ ಬಡಾವಣೆ ಗ್ಲೆನ್ ವೇವರ್ಲಿಯಲ್ಲಿ, ಉಡುಪಿ ಕಡೆಯವರೇ ಆದ ಮೋಹನದಾಸ ಅಂಕಲ್ ಮತ್ತು ತುಂಗಾ ಆಂಟಿಯ ಮನೆಯಲ್ಲಿ. ಅಂಕಲ್ ಹಗಲು ಹೊತ್ತಿನಲ್ಲಿ ಇನ್ಶೂರೆನ್ಸ್ ಕಂಪನಿಯ ಅಕೌಂಟೆಂಟ್. ಮಿಕ್ಕ ಹೊತ್ತಿನಲ್ಲಿ ಮೆಲ್ಬರ್ನ್ ಪೂರ್ವ ಕನ್ನಡ ಬಳಗದ ಉಪಾಧ್ಯಕ್ಷ, ಆರು ವರ್ಷಗಳಿಂದಲೂ ಉಪಾಧ್ಯಕ್ಷ. ಬರುವ ಭಾನುವಾರದ ಮಹಾಸಭೆಯಲ್ಲಿ ಹಳೆಯ ಅಧ್ಯಕ್ಷ ಗುರುಶಾಂತಪ್ಪ ಇಳಿಯುವವರಿದ್ದರು. ಏರುವವರು ಯಾರು ಎಂಬುದು ಇಡೀ ಸಬರ್ಬಿಗೆ ಗೊತ್ತಿತ್ತು. ಅಂಕಲ್ ಹೊಸ ಕೋಟು ಹೊಲಿಸಿದ್ದರು.

ಸಭೆಗೆ ಮೊದಲು ರಾಡ್ಕಾರಿಗೆ ಮನೆಯಲ್ಲಿ ಊಟ. ತುಂಗಾ ಆಂಟಿ ಕೋಳಿ ಸಾರು, ನೀರುದೋಸೆ, ಪಾಯಸ ಮಾಡಿದ್ದರು. ರಾಡ್ಕಾ ನಾಲ್ಕು ದೋಸೆ ತಿಂದು "ಸಾಕು, ಥ್ಯಾಂಕ್ಯೂ" ಎಂದರು. ಆಂಟಿ ಐದನೆಯದು ಹಾಕಿದರು.

"ನೋ, ನೋ" ಎಂದು ರಾಡ್ಕಾ ತಟ್ಟೆಗೆ ಕೈ ಅಡ್ಡ ಹಿಡಿದರು.

"ಲಿಟಲ್, ಲಿಟಲ್" ಎನ್ನುತ್ತ ಆಂಟಿ ಬೆರಳ ಸಂದಿಯಿಂದ ಸಾರು ಬಿಟ್ಟರು.

ತಟ್ಟೆಯಲ್ಲಿ ಬಿಡುವುದು ರಾಡ್ಕಾ ಬೆಳೆದ ಮನೆಯಲ್ಲಿ ಮಹಾಪಾಪ. ಹಾಗಾಗಿ ಅವರು ತಿಂದರು. ಖಾಲಿ ತಟ್ಟೆ ಕಂಡ ಆಂಟಿಗೆ ಹಿಗ್ಗಾಗಿ ಮತ್ತೆ ಹಾಕಿದರು. ಏಳನೆಯ ದೋಸೆಯ ಹೊತ್ತಿಗೆ ರಾಡ್ಕಾರ ಮುಖ ಕೂದಲ ಬಣ್ಣಕ್ಕೆ ತಿರುಗಿತ್ತು. ಪಾಯಸದ ಸೌಟು ಬರುವುದನ್ನು ಕಂಡು ಅವರು ದೀಕ್ಷಿತಾಳತ್ತ ಬಾಗಿ ಪಿಸುಗುಟ್ಟಿದರು: "ನಿಮ್ಮಲ್ಲಿ ಇಲ್ಲ ಅಂದವರ ಮಾತು ಯಾರೂ ಕೇಳುವುದಿಲ್ಲವೆ?"

ದೀಕ್ಷಿತಾಗೆ ಹೇಳಲು ಬಹಳವಿತ್ತು. ಹೇಳಿದ್ದು, "ಹಾಗೇನಿಲ್ಲ" ಎಂದಷ್ಟೆ.

"ನಲವತ್ತು ವರ್ಷ ನಾವೂ ಹಾಗೇನಿಲ್ಲ ಅಂತಲೇ ಹೇಳಿಕೊಂಡು ಬಂದೆವು" ಎಂದು ರಾಡ್ಕಾ ಕನಿಕರದಿಂದ ಅವಳ ಕೈ ತಟ್ಟಿದರು.

ಸಭೆ ನಡೆದದ್ದು ಒಂದು ಶಾಲೆಯ ಹಾಲ್‌ನಲ್ಲಿ. ಹಿಂದೆ ಹೀಟರ್, ಮುಂದೆ ಮೈಕು, ಪಕ್ಕದ ಮೇಜಿನ ಮೇಲೆ ಆಗಷ್ಟೇ ಕರಿದ ಗೋಳಿಬಜೆ. ದೀಕ್ಷಿತಾ ರಾಡ್ಕಾರ ಕಿವಿಯಲ್ಲಿ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುತ್ತ ಕೂತಳು. ಈ ಕೆಲಸ ಅವಳಿಗೆ ಹಿಡಿಸಿತು. ಬೇರೆಯವರ ಮಾತು ಹೇಳುವಾಗ ತನ್ನ ಮಾತು ಹೇಳಬೇಕಾಗಿಲ್ಲವಲ್ಲ.

ವರದಿ ಮುಗಿಯಿತು. ಗುರುಶಾಂತಪ್ಪ ಗಂಟಲು ಸರಿಮಾಡಿಕೊಂಡು, "ಮುಂದಿನ ಅಧ್ಯಕ್ಷರು ನಮ್ಮ ಮೋಹನದಾಸ ಅವರು ಆಗಬೇಕು ಅಂತ ಎಲ್ಲರ ಆಸೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂಕಲ್ ಹೊಸ ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಎರಡೂ ಕೈ ಮುಗಿದರು. "ಬೇಡ ಮಾರಾಯ್ರೆ, ಬೇಡ. ನನಗೆಂತಕ್ಕೆ ಅದೆಲ್ಲ? ನನಗಿಂತ ಯೋಗ್ಯರು ಸುಮಾರು ಜನ ಇದ್ದಾರೆ. ಯಂಗ್ ಜನ ಬರಲಿ. ನನ್ನನ್ನು ಬಿಟ್ಟುಬಿಡಿ."

ಇದು ಮೊದಲನೆಯ ಬೇಡ. ಎರಡನೆಯ ಸಲ ಒತ್ತಾಯ ಮಾಡಬೇಕಾದವನು ಅಂಕಲ್‌ರ ಗೆಳೆಯ ಲತೇಶ್. ಅದನ್ನು ಹಿಂದಿನ ದಿನವೇ ಕಾರಿನಲ್ಲಿ ಮಾತಾಡಿಕೊಂಡಾಗಿತ್ತು. ಆದರೆ ಲತೇಶ್‌ನ ಬಾಯಲ್ಲಿ ಆ ಗಳಿಗೆಯಲ್ಲಿ ಬಿಸಿ ಗೋಳಿಬಜೆ ಇತ್ತು.

"ಏನಂದರು?" ಎಂದು ರಾಡ್ಕಾ ಕೇಳಿದರು.

ದೀಕ್ಷಿತಾ ಇದ್ದದ್ದನ್ನು ಇದ್ದಹಾಗೆ ಹೇಳಿದಳು: "ಅವರಿಗೆ ಬೇಡವಂತೆ. ಬಿಟ್ಟುಬಿಡಿ ಅನ್ನುತ್ತಿದ್ದಾರೆ."

ಲತೇಶ್ ಬಾಯಿಯ ಬಿಸಿಯನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, "ಹಾಗೆಲ್ಲ ಹೇಳಬಾರದು..." ಎಂದು ತೊದಲಿದ. ಅಷ್ಟರಲ್ಲಿ ರಾಡ್ಕಾ ಎದ್ದು ನಿಂತಾಗಿತ್ತು.

"ನಿಲ್ಲಿಸಿ! ಈ ಮನುಷ್ಯ ಬೇಡ ಎಂದಿದ್ದಾರೆ!"

ಎಲ್ಲರ ತಲೆಗಳು ಅವರತ್ತ ತಿರುಗಿದವು.

"ನಮ್ಮ ದೇಶದಲ್ಲಿ ಸ್ವಯಂಸೇವೆ ಅಂದರೆ ಏನು ಗೊತ್ತೆ? ಶನಿವಾರ ಬೀದಿ ಗುಡಿಸಲು ಸ್ವಂತ ಇಚ್ಛೆಯಿಂದ ಬರಬೇಕು, ಬಾರದಿದ್ದರೆ ಸೋಮವಾರ ಮೇಲಿನವರು ಕರೆಸುತ್ತಾರೆ. ಬೇಸಿಗೆಯಲ್ಲಿ ಸ್ವಂತ ಇಚ್ಛೆಯಿಂದ ಟೊಮೇಟೊ ಕೀಳಬೇಕು. ನನ್ನನ್ನು ಹನ್ನೆರಡನೆಯ ವಯಸ್ಸಿಗೆ ಮಕ್ಕಳ ದಳದ ನಾಯಕಿ ಮಾಡಿದರು. ನಾನು ಬೇಡ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು!" ರಾಡ್ಕಾ ಅಂಕಲ್‌ರತ್ತ ಕೈ ಚಾಚಿದರು. "ಇಂದು ಇವರು ಇಷ್ಟು ಜನರ ಎದುರು ಇಲ್ಲ ಎಂದಿದ್ದಾರೆ. ಇದೇ ಸ್ವಾತಂತ್ರ್ಯ. ದಯವಿಟ್ಟು ಇವರನ್ನು ಬಿಟ್ಟುಬಿಡಿ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು. ಅತಿಥಿ, ಅದರಲ್ಲೂ ಪರದೇಶದ ಹಿರಿಯ ಹೆಂಗಸು, ತಟ್ಟದೆ ಇರುವುದು ಹೇಗೆ? ಇಡೀ ಸಭೆ ತಟ್ಟಿತು. ಇಂಗು ತಿಂದ ಮಂಗನಂತೆ ನಿಂತಿದ್ದ ಅಂಕಲ್ ಕೂಡ, ತಮ್ಮ ಸ್ವಾತಂತ್ರ್ಯಕ್ಕೆ ತಾವೇ ಚಪ್ಪಾಳೆ ತಟ್ಟಿದರು.

"ಹಾಗಾದರೆ... ಬೇರೆ ಯಾರಿಗಾದರೂ ಆಸೆ ಇದೆಯೇ?" ಎಂದು ಗುರುಶಾಂತಪ್ಪ ತಡವರಿಸಿದರು.

ನೂರು ಜನರ ಸಭೆಯಲ್ಲಿ ಆಸೆ ಇದೆ ಎನ್ನುವ ಧೈರ್ಯ ಯಾರಿಗಿದೆ? ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಆಗ ಬಾಗಿಲ ಬಳಿಯಿಂದ ಒಂದು ದನಿ ಬಂತು. ನಗರದ ಪಶ್ಚಿಮ ತುದಿಯ ವಿಂಡಮ್ ವೇಲ್‌ನ ಬಾಳಪ್ಪ, ಧಾರವಾಡ ಕಡೆಯ ಸಿವಿಲ್ ಎಂಜಿನಿಯರ್. ಮೆಂಬರ್ ಆಗಿ ತಿಂಗಳಾಗಿರಲಿಲ್ಲ. ಹೆಂಡತಿ ಮಾಡಿದ ರೊಟ್ಟಿಯ ಡಬ್ಬಿ ಕೊಟ್ಟು ಹೋಗಲು ಬಂದವನು ಕಾರ್ ಕೀ ತಿರುಗಿಸುತ್ತ ನಿಂತಿದ್ದ.

"ಯಾಕ್ರೀ, ಯಾರೂ ಆಗಂಗಿಲ್ಲಂದ್ರ ನಾ ಆಗ್ತೀನಲ್ರೀ. ಅದರಾಗೇನೈತಿ? ಸಂಜೀಕ ಮನ್ಯಾಗ ಖಾಲೀನ ಕುಂತಿರ್ತೀನಿ."

ಒಂದೇ ಸಲಕ್ಕೆ! ಕೇಳಿದ್ದಕ್ಕೆ ಹೂಂ! ಸಭೆಗೆ ಏನು ಮಾಡಬೇಕೋ ತಿಳಿಯಲಿಲ್ಲ. ರಾಡ್ಕಾ ಮಾತ್ರ "ಬ್ರಾವೋ!" ಎಂದು ಕೂಗಿದರು. ಬಾಳಪ್ಪ ಅಧ್ಯಕ್ಷನಾದ.

ರಾಡ್ಕಾರನ್ನು ಅವರ ಬಿಡಾರಕ್ಕೆ ಬಿಟ್ಟು ಕಾರು ಮನೆಗೆ ಬಂತು. ಒಳಗೆ ಕಾಲಿಟ್ಟ ಮೇಲೆ ತುಂಗಾ ಆಂಟಿ ದೀಕ್ಷಿತಾಳತ್ತ ತಿರುಗಿದರು. "ಎಂಥ ಮಾರಾಯ್ತಿ, ನಿನಗೆ ಟ್ರಾನ್ಸ್‌ಲೇಟ್ ಮಾಡ್ಲಿಕ್ಕೆ ಹೇಳಿದ್ದಾ, ಮನೆ ಮುರೀಲಿಕ್ಕೆ ಹೇಳಿದ್ದಾ?"

"ಅಂಕಲ್ ಬೇಡ ಅಂದ್ರಲ್ಲ ಆಂಟಿ... ಅದನ್ನೇ ಹೇಳಿದೆ."

"ಬೇಡ ಅಂದ್ರೆ ಬೇಡ ಅಂತ ಅರ್ಥವಾ? ನೀನು ಯಾವ ಊರಲ್ಲಿ ಹುಟ್ಟಿದ್ದು?"

ಅಂಕಲ್ ಕೋಟು ಕಳಚದೆ ಸೋಫಾದಲ್ಲಿ ಕೂತಿದ್ದರು. ಆಂಟಿ ಊಟಕ್ಕೆ ಕರೆದರು.

"ನನಗೆ ಊಟ ಬೇಡ."

ಆಂಟಿ ಸಾರಿನ ಪಾತ್ರೆಗೆ ಟಪ್ಪೆಂದು ಮುಚ್ಚಳ ಹಾಕಿ ಫ್ರಿಜ್ಜಿನೊಳಗಿಟ್ಟರು. "ಸರಿ. ಸಭೆಯಲ್ಲಿ ಒಂದು ಸಲ ಬೇಡ ಅಂದವರಿಗೆ ಮನೆಯಲ್ಲೂ ಒಂದೇ ಸಲ ಕೇಳುದು. ಇನ್ನು ಈ ಮನೆಯಲ್ಲಿ ಬಲ್ಗೇರಿಯಾ ಪದ್ಧತಿ."

ಅಂಕಲ್ ಆ ದಿನ ಹಸಿದೇ ಮಲಗಿದರು. ಹೊಸ ಕೋಟಿನಲ್ಲಿ ಕೂತ ಅಂಕಲ್‌ರನ್ನು ನೋಡಿದಾಗ ದೀಕ್ಷಿತಾಗೆ ಕಂಡದ್ದು ಮಾರ್ಗರೇಟ್‌ರ ಮೇಜಿನ ಮುಂದೆ ಕಾದು ನಿಂತ ಮತ್ತೊಬ್ಬಳು. ಅಂಕಲ್‌ಗಾದರೂ ಗೋಳಿಬಜೆ ಅಡ್ಡ ಬಂತು. ತನಗೆ ಏನು ಅಡ್ಡ ಬಂದಿತ್ತು?

ಮರುದಿನ ಗ್ಲೆನ್ ವೇವರ್ಲಿಯಿಂದ ಹೊರಟ ಟ್ರೇನಿನಲ್ಲಿ ಅವಳು ಒಂದೇ ವಾಕ್ಯವನ್ನು ಜಪಿಸಿದಳು: ನನಗೆ ಸಿಡ್ನಿಗೆ ಹೋಗಬೇಕು. ಎದುರಿನ ಸೀಟಿನ ಮುದುಕ "ಇದು ಸಿಟಿಗೆ ಹೋಗುವ ಟ್ರೇನು ಕಣಮ್ಮ" ಎಂದು ಎಚ್ಚರಿಸಿದಾಗಲೇ ತಾನು ಇಂಗ್ಲಿಷಿನಲ್ಲಿ, ಗಟ್ಟಿಯಾಗಿ ಹೇಳುತ್ತಿದ್ದೇನೆಂದು ತಿಳಿದದ್ದು.

ಅದೇ ವಾಕ್ಯ ಕೇಳಿ ಮಾರ್ಗರೇಟ್ ಹೌಹಾರಿದರು. "ಆದರೆ ನೀನು ಬೇಡ ಎಂದೆಯಲ್ಲ! ಜಾಗ ಸೈಮನ್‌ಗೆ ಹೋಯಿತು. ಇನ್ನೊಂದು ಜಾಗ ಮಾಡುವುದಾದರೆ ಗೋಷ್ಠಿಯ ಅಧ್ಯಕ್ಷೆ ಮಾಡಬೇಕು. ರಾಡ್ಕಾರನ್ನು ಕೇಳು."

ರಾಡ್ಕಾ ಪಕ್ಕದ ಕೋಣೆಯಲ್ಲೇ ಇದ್ದರು. ಕೇಳಿಸಿಕೊಂಡು ಗಂಭೀರವಾಗಿ ತಲೆಯಾಡಿಸಿದರು. "ಇಲ್ಲ ಮಗು. ನೀನು ಒಮ್ಮೆ ಬೇಡ ಎಂದಿದ್ದೀಯಂತೆ. ಮಾರ್ಗರೇಟ್ ಈಗ ನಿನ್ನನ್ನು ಒತ್ತಾಯಿಸುತ್ತಿದ್ದಾರೆಂದು ಕಾಣುತ್ತದೆ. ಹೆದರಬೇಡ. ನಿನ್ನ ಬೇಡವನ್ನು ನಾನು ಕಾಯುತ್ತೇನೆ."

ದೀಕ್ಷಿತಾಳ ಕಿವಿ ಬಿಸಿಯಾಯಿತು. ಇನ್ನು ಸುಮ್ಮನಿದ್ದರೆ ಈ ಹೆಂಗಸು ತನ್ನನ್ನು ಕಾಪಾಡಿ ಕಾಪಾಡಿಯೇ ಮುಗಿಸುತ್ತಾರೆ ಎನಿಸಿತು. ಕುರ್ಚಿ ಎಳೆದುಕೊಂಡು, ಕೇಳದೆಯೇ, ಕೂತಳು.

"ಇಲ್ಲಿ ಕೇಳಿ. ನಮ್ಮಲ್ಲಿ ಮೊದಲನೆಯ ಬೇಡ ಬೇಡವಲ್ಲ. ಅದು ಬಾಗಿಲು ತಟ್ಟಿದ ಹಾಗೆ. ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಬೆರಳ ನಡುವೆ ಸಂದಿ ಬಿಡುತ್ತೇವೆ. ನಿಜಕ್ಕೂ ಬೇಡವಾದವರು ಎಲೆಯ ಮೇಲೆ ಬಗ್ಗಿ ಎರಡೂ ಕೈಯಲ್ಲಿ ಮುಚ್ಚುತ್ತಾರೆ. ಬೇಕು ಎಂದು ಬಾಯಿಬಿಟ್ಟು ಹೇಳಿದರೆ ಹೊಟ್ಟೆಬಾಕ ಅನ್ನುತ್ತಾರೆ. ಅದಕ್ಕೇ ಎದುರಿನವರು ಎರಡನೆಯ ಸಲ ಕೇಳಬೇಕು, ಮೂರನೆಯ ಸಲ ಬೈದು ಕೇಳಬೇಕು. ಆಸೆ ನಮ್ಮದು, ಅದನ್ನು ಹೇಳುವ ಹೊಣೆ ಅವರದು. ನಿನ್ನೆ ಎರಡನೆಯ ಸಲ ಕೇಳಬೇಕಾಗಿದ್ದವನ ಬಾಯಿ ಸುಟ್ಟಿತ್ತು. ಅಷ್ಟರಲ್ಲಿ ನೀವು ಎದ್ದಿರಿ."

ರಾಡ್ಕಾ ಕನ್ನಡಕ ತೆಗೆದರು. "ಅಂದರೆ ಆ ಮಿಸ್ಟರ್ ಮೋಹನದಾಸರಿಗೆ..."

"ತುಂಬಾ ಬೇಕಿತ್ತು. ಆರು ವರ್ಷದಿಂದ ಬೇಕಿತ್ತು. ಕೋಟು ಹೊಲಿಸಿದ್ದರು."

"ದೇವರೇ." ರಾಡ್ಕಾರ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. "ಈಗ ಅವರು ಏನು ಮಾಡುತ್ತಾರೆ?"

"ಇನ್ನೇನು, ಹೊಸ ಸಂಘ ಕಟ್ಟುತ್ತಾರೆ. ಬೆಳಗ್ಗೆ ಹೆಸರು ಯೋಚಿಸುತ್ತಿದ್ದರು."

ರಾಡ್ಕಾರ ನಗು ನಿಂತಿತು. "ನಮ್ಮ ಊರಿನಲ್ಲಿ ಜೇನು ಸಾಕುವವರು ಏಳು ಮಂದಿ. ಜೇನು ಸಾಕುವವರ ಸಂಘಗಳು ನಾಲ್ಕು. ಯಾಕೆಂದು ಹದಿನೇಳು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಎಲ್ಲರೂ ಪಾಶ್ಚಾತ್ಯ ದೇಶಗಳು ಸಂಘಗಳಿಗೆ ಕೊಡುವ ದುಡ್ಡಿನಾಸೆ ಅನ್ನುತ್ತಾರೆ. ಜೇನುಹುಳಕ್ಕೆ ಯಾರು ದುಡ್ಡು ಕೊಡುತ್ತಾರೆ? ನನಗೆ ಬೇಕು ಎನ್ನುತ್ತಿದ್ದವರು ಆ ಕಾಲದಲ್ಲಿ ಪಾರ್ಟಿಯ ಮಂದಿ ಮಾತ್ರ. ಆ ಮಾತಿಗೇ ಕೊಳಕು ಹತ್ತಿತ್ತು. ಹೊಸ ಕಾಲ ಬಂದಾಗ ಒಳ್ಳೆಯವರೆಲ್ಲ ನನಗೆ ಬೇಡ ಎಂದರು. ಸ್ವಾತಂತ್ರ್ಯ ಬಂದಿತ್ತಲ್ಲ, ನಾವು ಯಾರನ್ನೂ ಒತ್ತಾಯಿಸಲಿಲ್ಲ. ಅವರು ಮನೆಗೆ ಹೋಗಿ ಹೆಂಡತಿ, ಭಾವ, ನೆರೆಯವನನ್ನು ಸೇರಿಸಿಕೊಂಡು..."

"ತಮ್ಮದೇ ಸಂಘ ಕಟ್ಟಿದರು" ಎಂದು ದೀಕ್ಷಿತಾ ಮುಗಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎರಡು ವರ್ಷ ಲೈಬ್ರರಿಯಲ್ಲಿ ಸಿಗದ ಉತ್ತರ ತುಂಗಾ ಆಂಟಿಯ ಸೌಟಿನಲ್ಲಿ ಇತ್ತೆ?

"ನನಗೆ ಇದನ್ನು ಸಿಡ್ನಿಯಲ್ಲಿ ಹೇಳಬೇಕು" ಎಂದಳು.

"ಅಧ್ಯಕ್ಷ ಭಾಷಣದ ನನ್ನ ಹೊತ್ತು ನಿನ್ನದು" ಎಂದರು ರಾಡ್ಕಾ. ಆಮೇಲೆ ಅನುಮಾನದಿಂದ, "ಇದು ನಿಜವಾದ ಬೇಕು ತಾನೆ? ಎರಡನೆಯ ಸಲ ಕೇಳಬೇಕೆ?"

"ಬೇಡ!" ಎಂದಳು ದೀಕ್ಷಿತಾ. ಇಬ್ಬರೂ ಬೆಚ್ಚಿದರು. "ಅಂದರೆ, ಕೇಳುವುದು ಬೇಡ. ಸಿಡ್ನಿ ಬೇಕು."

ಸಂಜೆ ಮನೆಗೆ ಬಂದರೆ ಅಂಕಲ್‌ರ ಮುಖದಲ್ಲಿ ಕಳೆ ಮರಳಿತ್ತು. ಹೊಸ ಸಂಘದ ಹೆಸರು ಅಖಿಲ ಆಸ್ಟ್ರೇಲಿಯಾ ಕಡಲತೀರ ಕನ್ನಡ ಬಳಗ. ರಿಜಿಸ್ಟರ್ ಮಾಡಲು ಐದು ಜನ ಬೇಕು. ಅಂಕಲ್, ಆಂಟಿ, ಪಶ್ಚಾತ್ತಾಪದಲ್ಲಿ ಬೆಂದಿದ್ದ ಲತೇಶ್, ಅವನ ಹೆಂಡತಿ.

"ಐದನೆಯವಳು ನೀನು, ಸೆಕ್ರೆಟರಿ. ಉದ್ಘಾಟನೆ ಬರುವ ತಿಂಗಳು ಎರಡನೇ ಶನಿವಾರ."

ಅದೇ ಶನಿವಾರ ಸಿಡ್ನಿಯ ಗೋಷ್ಠಿ. "ಬೇಡ ಅಂಕಲ್" ಎಂದಳು ದೀಕ್ಷಿತಾ.

ಅಂಕಲ್ ಹಿತವಾಗಿ ನಕ್ಕರು. "ನೋಡು ತುಂಗಾ, ಸಂಸ್ಕಾರ ಅಂದ್ರೆ ಇದು."

"ಇಲ್ಲ ಅಂಕಲ್, ನಿಜವಾಗಿ ಬೇಡ."

"ಎರಡನೇ ಸಲ" ಎಂದು ಅಂಕಲ್ ಮೆಚ್ಚಿಕೊಂಡರು. "ನಾನು ಬಿಡ್ತೇನಾ? ಆಗ್ಲೇಬೇಕು ಮಾರಾಯ್ತಿ!"

ಬೇಡ ಎಂಬ ಮಾತು ಈ ಮನೆಯಲ್ಲಿ ಯಾವ ಕೆಲಸಕ್ಕೂ ಬಾರದು ಎಂದು ದೀಕ್ಷಿತಾಗೆ ಹೊಳೆಯಿತು. ಉಳಿದದ್ದು ಒಂದೇ ದಾರಿ, ಇವತ್ತೇ ಕಲಿತದ್ದು. "ಅಂಕಲ್, ನನಗೆ ಆ ಶನಿವಾರ ಸಿಡ್ನಿಗೆ ಹೋಗಬೇಕು. ಪ್ರಬಂಧ ಓದಬೇಕು. ಓದಿದರೆ ಬಲ್ಗೇರಿಯಾಕ್ಕೆ ಕಳಿಸಬಹುದು. ನನಗೆ ಅದು ಬೇಕು."

ಒಂದೇ ಉಸಿರಿನಲ್ಲಿ ಅಷ್ಟು ಬೇಕುಗಳನ್ನು ಆ ಮನೆ ಕೇಳಿರಲಿಲ್ಲ. ಆಂಟಿ ಹೆಚ್ಚುತ್ತಿದ್ದ ಬೆಂಡೆಕಾಯಿ ಅರ್ಧಕ್ಕೇ ನಿಂತಿತು.

"ಸಿಡ್ನಿಯಾ?" ಎಂದರು ಅಂಕಲ್. ಕಣ್ಣು ಕಿರಿದಾಯಿತು. "ಅಖಿಲ ಆಸ್ಟ್ರೇಲಿಯಾ ಅಂತ ಹೆಸರಿಟ್ಟು ಮೆಲ್ಬರ್ನ್‌ನಲ್ಲೇ ಕೂತರೆ ಬಾಳಪ್ಪ ನಗುವುದಿಲ್ವಾ? ಉದ್ಘಾಟನೆ ಸಿಡ್ನಿಯಲ್ಲೇ ಇಟ್ಟುಕೊಳ್ಳುವ. ನಾವೇ ಕಾರಲ್ಲಿ ಬಿಡ್ತೇವೆ."

ಹಾಗೆ ಬಳಗದ ಐವರೂ ಒಂದೇ ಕಾರಿನಲ್ಲಿ ಸಿಡ್ನಿಗೆ ಹೋಗುವ ಹ್ಯೂಮ್ ಹೈವೇ ಹಿಡಿದರು. ನಡುದಾರಿಯ ಗಂಡಗಾಯ್‌ ಊರಿನಲ್ಲಿ ನಿಲ್ಲಿಸಿ ಸ್ಟೀಲ್ ಡಬ್ಬಿಯ ಇಡ್ಲಿ ತಿಂದರು. ಶನಿವಾರ ದೀಕ್ಷಿತಾ ವೇದಿಕೆ ಹತ್ತಿದಾಗ ಹಿಂದಿನ ಸಾಲಿನಲ್ಲಿ ಹೊಸ ಕೋಟು ಕಂಡಿತು. ಮೊದಲ ಎರಡು ವಾಕ್ಯ ಅವಳಿಗೇ ಕೇಳಿಸಲಿಲ್ಲ. ಮೂರನೆಯದರಲ್ಲಿ ಜೇನು ಸಾಕುವ ಏಳು ಮಂದಿ ಬಂದರು, ಸಭೆ ನಕ್ಕಿತು, ಆಮೇಲೆ ಮಾತು ತಾನಾಗಿ ಹರಿಯಿತು. ಹೊಸ ಬಟ್ಟೆ ಹೊಲಿಸಿಕೊಂಡು ಬೇಡ ಎಂದ ಒಬ್ಬ ಸಜ್ಜನರ ಕಥೆಯನ್ನೂ, ಊರು ಹೆಸರು ಬಿಟ್ಟು, ಹೇಳಿದಳು.

ಅಂಕಲ್ ಎಲ್ಲರಿಗಿಂತ ಜೋರಾಗಿ ನಕ್ಕು, "ಪಾಪ, ಯಾರದು? ಬಲ್ಗೇರಿಯಾದವನಾ?" ಎಂದು ಆಂಟಿಯನ್ನು ಕೇಳಿದರು.

"ಸುಮ್ಮನಿರಿ" ಎಂದರು ಆಂಟಿ.

ಚಹಾದ ಹೊತ್ತಿಗೆ ರಾಡ್ಕಾ ನೇರ ಅಂಕಲ್‌ರ ಬಳಿ ಬಂದರು. "ಮಿಸ್ಟರ್ ಮೋಹನದಾಸ, ನಮ್ಮ ಊರಿನಲ್ಲಿ ನಾಲ್ಕು ಜೇನು ಸಂಘಗಳನ್ನು ಸೇರಿಸಿ ಒಂದು ಒಕ್ಕೂಟ ಮಾಡುತ್ತಿದ್ದೇವೆ. ಅಂದರೆ ಐದನೆಯ ಸಂಘ. ನೀವು ಗೌರವಾಧ್ಯಕ್ಷರಾಗಬೇಕು."

"ನೋ ನೋ, ಐ ಆಮ್ ನಥಿಂಗ್" ಎಂದು ಅಂಕಲ್ ಕೈ ಮುಗಿದರು.

"ದಯವಿಟ್ಟು" ಎಂದರು ರಾಡ್ಕಾ.

"ಬೇಡ ಮೇಡಂ, ಜೇನಿನ ಬಗ್ಗೆ ನನಗೆಂಥ ಗೊತ್ತು?"

ರಾಡ್ಕಾ ದೀಕ್ಷಿತಾಳತ್ತ ಒಮ್ಮೆ ಕಣ್ಣು ಹಾಯಿಸಿ, ಉಸಿರೆಳೆದುಕೊಂಡು, ಹುಬ್ಬು ಗಂಟಿಕ್ಕಿ ಗದರಿದರು: "ಆಗಲೇಬೇಕು!"

ಅಂಕಲ್‌ರ ಮುಖ ದೀಪ ಹಚ್ಚಿದಂತಾಯಿತು. "ನೀವು ಇಷ್ಟು ಹೇಳಿದ ಮೇಲೆ..."

ಅದೇ ಹೊತ್ತಿಗೆ ಮಾರ್ಗರೇಟ್ ಬಂದು ದೀಕ್ಷಿತಾಳ ಭುಜ ಮುಟ್ಟಿದರು. "ಆಯ್ಕೆ ಸಮಿತಿಯವರು ಕೇಳುತ್ತಿದ್ದಾರೆ. ಮೂರು ತಿಂಗಳು ಬಲ್ಗೇರಿಯಾ..."

"ಹೋಗುತ್ತೇನೆ!" ಎಂದಳು ದೀಕ್ಷಿತಾ. ಮಾರ್ಗರೇಟ್‌ರ ವಾಕ್ಯ ಇನ್ನೂ ಅರ್ಧದಲ್ಲಿತ್ತು.

ಅಂಕಲ್ ಅವಳನ್ನು ಪಕ್ಕಕ್ಕೆ ಕರೆದರು. ದನಿಯಲ್ಲಿ ನಿಜವಾದ ನೋವಿತ್ತು. "ಎಂಥ ಇದು? ಕೇಳಿ ಮುಗಿಸುವ ಮೊದಲೇ ಹೂಂ ಅನ್ನುದಾ? ಒಂದು ಸಲವಾದ್ರೂ ಬೇಡ ಅನ್ನಬಾರದಾ? ಜನ ಏನು ತಿಳ್ಕೊಳ್ಳುದಿಲ್ಲ?"

"ತಪ್ಪಾಯ್ತು ಅಂಕಲ್."

ತುಂಗಾ ಆಂಟಿ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಬಂದರು. "ತಗೊಳ್ತೀರಾ?"

"ಬೇಡ" ಎಂದರು ಅಂಕಲ್.

ಬಲ್ಗೇರಿಯಾ ಪದ್ಧತಿಯ ಆಂಟಿ ತಟ್ಟೆಯನ್ನು ಹಾಗೇ ಮುಂದಕ್ಕೆ ಒಯ್ದರು. ಅಂಕಲ್‌ರ ಕಣ್ಣು ತಟ್ಟೆಯ ಹಿಂದೆಯೇ ಹೋಯಿತು. ಬೆಳಗ್ಗೆಯಿಂದ ಅವರು ತಿಂದದ್ದು ಅರ್ಧ ಇಡ್ಲಿ.

ದೀಕ್ಷಿತಾ ನಾಲ್ಕು ಹೆಜ್ಜೆ ಓಡಿ ತಟ್ಟೆಯನ್ನು ಹಿಂದಕ್ಕೆ ತಂದು ಅವರ ಮುಂದೆ ಹಿಡಿದಳು. "ತಗೊಳ್ಳಿ ಅಂಕಲ್, ಒಂದೇ ಒಂದು."

"ಛೆ, ಬೇಡಪ್ಪ."

"ತಗೊಳ್ಳಿ ಅಂದ್ರೆ ತಗೊಳ್ಬೇಕು!"

ಅಂಕಲ್ ಎರಡು ತೆಗೆದುಕೊಂಡರು.